ದೋಣಿಯ ಹಿಂಬದಿ ಹಲಗೆ: ಒಳಗಡೆ ಸಂದು ಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಕುಂಬಳೆ ಹತ್ತಿರ, ಶಿರಿಯ ಹೊಳೆಯ ಬದಿಯಲ್ಲಿ. ಹೊಳೆಯಲ್ಲಿ, ಅಳಿವೆಯ ಒಳಗಡೆ ಓಡಿಸಲು 14 ಅಡಿಯ ಚಪ್ಪಟೆ ತಳದ ಮರದ ದೋಣಿ ಕಟ್ಟುತ್ತಿದ್ದೇನೆ. ಮಗುಚಿ ಹಾಕಿ ಕಟ್ಟುವ ಕ್ರಮ. ಅಡ್ಡ ಚೌಕಟ್ಟುಗಳು ನಿಂತಿವೆ. ಟ್ರಾನ್ಸಮ್‌ಗೆ, ಅಂದರೆ ಹಿಂಬದಿ ಹಲಗೆಗೆ, 19 ಮಿ.ಮೀ. ಮರೈನ್ ಪ್ಲೈವುಡ್ ಎರಡು ಪದರ ಅಂಟಿಸಿ ನಕ್ಷೆಯ ಅಳತೆಗೆ ಸರಿಯಾಗಿ ಕತ್ತರಿಸಿದೆ. 12 ಡಿಗ್ರಿ ಹಿಂದಕ್ಕೆ ವಾಲಿಸಿ ನಿಲ್ಲಿಸಿದೆ. ಈಗ ಬದಿ ಹಲಗೆ, ತಳದ ಹಲಗೆ ಹಿಡಿದು ನೋಡಿದರೆ ಟ್ರಾನ್ಸಮ್‌ನ ಹೊರ ಅಂಚಿಗೆ ಮಾತ್ರ ತಾಗುತ್ತದೆ. ಒಳಗಡೆ ಸಂದು. ತಳದಲ್ಲಿ ಎಂಟು ಮಿ.ಮೀ. ಇದೆ. ಇಪಾಕ್ಸಿ ಪುಟ್ಟಿ ತುಂಬಿದರೆ ಸಾಕಾ, ಹೊಸದು ಮಾಡಬೇಕಾ? 9.9 ಎಚ್‌ಪಿ ಎಂಜಿನ್ ಹಾಕುವ ಯೋಚನೆ ಇದೆ. ಮೇಲಂಚು ಎಷ್ಟು ಎತ್ತರ ಬೇಕು? ಕೊನೆಗೆ ಗೇರೆಣ್ಣೆ ಬಳಿಯಬಹುದಾ?

ಉತ್ತರ: ಹೊಸದು ಮಾಡಬೇಕಾಗಿಲ್ಲ. ಪುಟ್ಟಿ ತುಂಬಿ ಮುಚ್ಚಿಹಾಕುವುದೂ ಬೇಡ. ನಿಮ್ಮ ಅಳತೆ ಸರಿಯಾಗಿಯೇ ಇದೆ. ಅಂಚನ್ನು ಮೂಲೆಮಟ್ಟಕ್ಕೆ ನೇರವಾಗಿ ಕತ್ತರಿಸಿದ್ದೀರಿ, ಅಷ್ಟೇ. ಇಂಥ ದೋಣಿಯಲ್ಲಿ ಟ್ರಾನ್ಸಮ್‌ನ ಅಂಚು ನೇರ ಇರುವುದಿಲ್ಲ. ಅದಕ್ಕೆ ಓರೆ ಬೇಕು.

ಯಾಕೆ ಅಂತ ನೋಡಿ. ದೋಣಿ ಹಿಂದಕ್ಕೆ ಹೋದಹಾಗೆ ಕಿರಿದಾಗುತ್ತದೆ. ಬದಿ ಹಲಗೆಗಳು ಒಳಮುಖವಾಗಿ ಬರುತ್ತಾ ಟ್ರಾನ್ಸಮ್ ಮುಟ್ಟುತ್ತವೆ. ಟ್ರಾನ್ಸಮ್ ಒಂದೂವರೆ ಇಂಚು ದಪ್ಪ. ಆ ಒಂದೂವರೆ ಇಂಚಿನಲ್ಲೂ ದೋಣಿ ಕಿರಿದಾಗುತ್ತಲೇ ಇರುತ್ತದೆ. ಹಾಗಾಗಿ ಒಳಮುಖ ದೊಡ್ಡದು, ಹೊರಮುಖ ಚಿಕ್ಕದು ಇರಲೇಬೇಕು. ತಳದಲ್ಲಿ ಕಾರಣ ಬೇರೆ, ಆದರೆ ಫಲ ಅದೇ. ತಳದ ಹಲಗೆ ಮಟ್ಟಸವಾಗಿ ಹೋಗುತ್ತದೆ, ಟ್ರಾನ್ಸಮ್ 12 ಡಿಗ್ರಿ ವಾಲಿ ನಿಂತಿದೆ. 38 ಮಿ.ಮೀ. ದಪ್ಪಕ್ಕೆ 12 ಡಿಗ್ರಿಯ ಓರೆ ಎಂದರೆ ಸರಿಯಾಗಿ 8 ಮಿ.ಮೀ. ಆಚಾರಿಗಳ ಲೆಕ್ಕದಲ್ಲಿ ಎರಡೂವರೆ ನೂಲು (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು). ನೀವು ತಳದಲ್ಲಿ ಕಂಡ ಸಂದು ಅದೇ. ನಕ್ಷೆ ತಪ್ಪಲ್ಲ, ನೀವು ವಾಲಿಸಿದ್ದೂ ತಪ್ಪಲ್ಲ ಅನ್ನುವುದಕ್ಕೆ ಆ ಎಂಟು ಮಿಲಿಮೀಟರೇ ಸಾಕ್ಷಿ.

ಕೆಲವು ನಕ್ಷೆಗಳಲ್ಲಿ ಕೊಡುವುದು ಹೊರಮುಖದ ಗೆರೆ, ನಿಮ್ಮದೂ ಹಾಗೇ ಇರಬೇಕು. ನೀವು ಆ ಗೆರೆಗೇ ನೇರ ಕತ್ತರಿಸಿದ್ದರಿಂದ ಒಳಮುಖಕ್ಕೆ ಮರ ಸಾಲದೆ ಹೋಯಿತು. ಕತ್ತರಿಸಿ ಹೋದದ್ದನ್ನು ಮತ್ತೆ ತರಲು ಆಗುವುದಿಲ್ಲ ಅಂತ ನಿಮಗೆ ಅನ್ನಿಸಿರಬಹುದು. ಆದರೆ ಇಲ್ಲಿ ಒಂದು ಸುಲಭ ದಾರಿ ಇದೆ.

ಬದಿ ಮತ್ತು ತಳದ ಹಲಗೆಗಳು ಹಿಂದುಗಡೆ ಎರಡು ಇಂಚಾದರೂ ಉದ್ದ ಬಿಟ್ಟಿವೆಯಾ ನೋಡಿ. ಬಿಟ್ಟಿದ್ದರೆ ಇಡೀ ಟ್ರಾನ್ಸಮನ್ನು ಅದರ ದಪ್ಪದಷ್ಟೇ ಹಿಂದಕ್ಕೆ ಸರಿಸಿ. ಈಗ ಹೊರಮುಖ ಎಲ್ಲಿ ನಿಂತಿದೆಯೋ ಅಲ್ಲಿಗೆ ಒಳಮುಖ ಬರಬೇಕು. ಮೊದಲು ಆಧಾರದ ಮರದ ಮೇಲೆ ಹೊರಮುಖದ ಗೆರೆ ಎಳೆದುಕೊಳ್ಳಿ. ಆಮೇಲೆ ಒಳಮುಖವನ್ನು ಆ ಗೆರೆಗೆ ತಂದು ನಿಲ್ಲಿಸಿ. ಸರಿಸುವುದು ನೆಲಕ್ಕೆ ಸಮನಾಗಿ ಅಲ್ಲ, ಟ್ರಾನ್ಸಮ್‌ನ ಮುಖಕ್ಕೆ ಮೂಲೆಮಟ್ಟವಾಗಿ. ಮಗುಚಿದ ದೋಣಿಯಲ್ಲಿ ಅದು 8 ಮಿ.ಮೀ. ಮೇಲಕ್ಕೆ ಏರಿದ ಹಾಗೆ ಕಾಣುತ್ತದೆ. ಗಾಬರಿ ಬೇಡ, ಹಾಗೆಯೇ ಆಗಬೇಕು. ಈಗ ಒಳ ಅಂಚು ಹಲಗೆಗೆ ಸರಿಯಾಗಿ ಕೂರುತ್ತದೆ, ಹೊರ ಅಂಚು ಉಬ್ಬಿ ನಿಲ್ಲುತ್ತದೆ. ಹೆಚ್ಚಾದ ಮರವನ್ನು ಕೀಸಿ ತೆಗೆಯುವುದು ಯಾವಾಗಲೂ ಸುಲಭ. ದೋಣಿ ಒಂದೂವರೆ ಇಂಚು ಉದ್ದ ಆಗುತ್ತದೆ. ಶಿರಿಯ ಹೊಳೆಗೆ ಅದು ಗೊತ್ತೂ ಆಗುವುದಿಲ್ಲ.

ಹಲಗೆ ಉದ್ದ ಸಾಲದಿದ್ದರೆ ಎರಡನೇ ದಾರಿ. ಟ್ರಾನ್ಸಮ್‌ನ ಎರಡು ಬದಿಗೂ ತಳಕ್ಕೂ ಅರ್ಧ ಇಂಚು ದಪ್ಪದ ಗಟ್ಟಿಮರದ ಪಟ್ಟಿ ಅಂಟಿಸಿ, ಅದರಲ್ಲಿ ಓರೆ ತೆಗೆಯಿರಿ. ಹೊರಗಡೆ ಆ ಪಟ್ಟಿ ಕೀಸಿ ಕೀಸಿ ಹೆಚ್ಚುಕಡಿಮೆ ಇಲ್ಲದ ಹಾಗಾಗುತ್ತದೆ, ಒಳಗಡೆ ಉಳಿಯುತ್ತದೆ. ಕೆಲಸ ಜಾಸ್ತಿ. ಆದರೆ ಪ್ಲೈವುಡ್‌ನ ಬಾಯಿ ಬಿಟ್ಟ ಅಂಚು ಮುಚ್ಚಿಹೋಗುತ್ತದೆ, ಅದು ಲಾಭ.

ಪುಟ್ಟಿ ಯಾಕೆ ಬೇಡ? ಒಂದೆರಡು ಮಿಲಿಮೀಟರ್ ಸಂದನ್ನು ದಪ್ಪ ಮಾಡಿದ ಇಪಾಕ್ಸಿ ಚೆನ್ನಾಗಿ ತುಂಬುತ್ತದೆ. ಎಂಟು ಮಿ.ಮೀ. ಬೇರೆ ಮಾತು. ಸ್ಕ್ರೂ ಬಿಗಿಯುವಾಗ ತಳದ ಹಲಗೆ ಆ ಸಂದಿನೊಳಕ್ಕೆ ಬಗ್ಗುತ್ತದೆ, ತುಂಬಿದ ಪುಟ್ಟಿ ಹೊರಕ್ಕೆ ಉಕ್ಕುತ್ತದೆ. ಹಿಂದುಗಡೆ ತಳದಲ್ಲಿ ಒಂದು ಬಾಗು ಉಳಿದುಬಿಡುತ್ತದೆ. ಎಂಜಿನ್ ಓಡುವಾಗ ಜಾಸ್ತಿ ಜಗ್ಗಾಟ ಆಗುವುದೂ ಅದೇ ಕೂಡಿಕೆಯಲ್ಲಿ.

ಇನ್ನು ಓರೆ ತೆಗೆಯುವ ಬಗೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಇಲ್ಲೇ ಡಿಗ್ರಿ ಹಿಡಿದುಕೊಂಡು ಒದ್ದಾಡುತ್ತಾರೆ. ತಳದ ಓರೆ ಎಲ್ಲ ಕಡೆ ಒಂದೇ ಇರಬಹುದು. ಬದಿಯ ಓರೆ ಹಾಗಲ್ಲ. ಕೆಳ ಮೂಲೆಯಲ್ಲಿ ಒಂದಿದ್ದರೆ ಮೇಲೆ ಇನ್ನೊಂದು, ನಡುವೆ ಮತ್ತೊಂದು. ಅದನ್ನು ಕಾಗದದಲ್ಲಿ ಲೆಕ್ಕ ಹಾಕಬಹುದು, ಆದರೆ ಹಾಕಿ ಪ್ರಯೋಜನ ಇಲ್ಲ. ನಿಮ್ಮ ಚೌಕಟ್ಟುಗಳು ನಕ್ಷೆಯಲ್ಲಿ ಇದ್ದ ಜಾಗದಿಂದ ಒಂದೆರಡು ನೂಲು ಆಚೀಚೆ ನಿಂತೇ ನಿಂತಿರುತ್ತವೆ. ಕೋಝಿಕ್ಕೋಡ್ ಹತ್ತಿರದ ಬೇಪೂರಿನಲ್ಲಿ ಉರು, ಅಂದರೆ ಮರದ ಹಡಗು, ಕಟ್ಟುವವರು ಕಾಗದದ ನಕ್ಷೆ ಇಲ್ಲದೆ ಅಷ್ಟು ದೊಡ್ಡ ಹಡಗು ಎಬ್ಬಿಸುತ್ತಾರೆ. ಅಲ್ಲಿ ಹಲಗೆ ಮೊದಲು ಬಾಗಿ ಕೂರುತ್ತದೆ, ಒಳಗಿನ ಅಡ್ಡಮರ ಆಮೇಲೆ ಅದಕ್ಕೆ ಹೊಂದಿಕೊಳ್ಳುತ್ತದೆ. ನಮ್ಮ ಪ್ಲೈವುಡ್ ದೋಣಿಯ ಕ್ರಮ ಇದಕ್ಕೆ ತಿರುಗುಮುರುಗು. ಆದರೂ ಟ್ರಾನ್ಸಮ್‌ನ ಅಂಚಿಗೆ ಮಾತ್ರ ಆ ನ್ಯಾಯವೇ. ಓರೆ ಎಷ್ಟು ಅಂತ ಹಲಗೆ ಹೇಳಬೇಕು, ನಕ್ಷೆ ಅಲ್ಲ.

ಒಂದು ತೆಳು ಪಟ್ಟಿ ಮಾಡಿಕೊಳ್ಳಿ. ಗಂಟಿಲ್ಲದ ಮರ, ಒಂದು ಇಂಚು ಅಗಲ, ಮೂರು ನೂಲು ದಪ್ಪ, ಏಳೆಂಟು ಅಡಿ ಉದ್ದ. ಟ್ರಾನ್ಸಮ್ ಮತ್ತು ಅದರ ಮುಂದಿನ ಎರಡು ಚೌಕಟ್ಟಾದರೂ ಅದರ ಅಡಿಗೆ ಬರಬೇಕು. ಬರೇ ಒಂದೇ ಚೌಕಟ್ಟಿನಿಂದ ಟ್ರಾನ್ಸಮ್‌ಗೆ ಇಟ್ಟರೆ ಪಟ್ಟಿ ನೇರ ನಿಲ್ಲುತ್ತದೆ. ನಿಜವಾದ ಹಲಗೆ ಬಾಗಿ ಬರುತ್ತದಲ್ವಾ? ಹಾಗಾಗಿ ಓರೆ ತಪ್ಪಾಗುತ್ತದೆ. ಪಟ್ಟಿಯನ್ನು ಮುಂದಿನ ಚೌಕಟ್ಟುಗಳಿಗೆ ಒತ್ತಿ ಹಿಡಿದು ಹಿಂದಿನ ತುದಿಯನ್ನು ಟ್ರಾನ್ಸಮ್ ಮೇಲೆ ತನ್ನಿಂದ ತಾನೇ ಕೂರಲು ಬಿಡಿ. ಹೊರ ಅಂಚು ಅದನ್ನು ಎತ್ತಿ ಹಿಡಿದಿರುತ್ತದೆ. ಪಟ್ಟಿಯ ಪಕ್ಕದಲ್ಲೇ ಕೈಗರಗಸದಿಂದ ಅಂಚಿನಲ್ಲಿ ಒಂದು ಗೀರು ಹಾಕಿ. ಪಟ್ಟಿ ಆ ಗೀರಿನೊಳಗೆ ಅಡ್ಡಲಾಗಿ ಇಳಿದು ಒಳ ಅಂಚನ್ನು ಮುಟ್ಟುವಷ್ಟು ಆಳ ಬೇಕು. ಗೀರು ಅಗಲ ಸಾಲದಿದ್ದರೆ ಉಳಿಯಿಂದ ಪಟ್ಟಿಯ ಅಗಲಕ್ಕೆ ಬಿಡಿಸಿ. ಆರು ಇಂಚಿಗೊಂದು ಇಂಥ ಗುರುತು ಮಾಡಿ. ಆಮೇಲೆ ಒಂದು ಗುರುತಿನಿಂದ ಇನ್ನೊಂದಕ್ಕೆ ಹತ್ತರಿ ಹೊಡೆಯುತ್ತಾ ಬನ್ನಿ. ಗುರುತು ಕಾಣೆಯಾದಾಗ ನಿಲ್ಲಿಸಿ. ಅದಕ್ಕಿಂತ ಕೆಳಕ್ಕೆ ಒಂದು ಎಳೆಯೂ ಇಳಿಯಬಾರದು.

ಹತ್ತರಿ ಒಳಗಿನಿಂದ ಹೊರಕ್ಕೆ ಓಡಿಸಬೇಡಿ, ಪ್ಲೈವುಡ್‌ನ ಕೊನೆ ಪದರ ಸಿಗಿದುಬರುತ್ತದೆ. ಅಂಚಿನ ಉದ್ದಕ್ಕೆ, ತುಸು ಓರೆಯಾಗಿ ಓಡಿಸಿ. ಪ್ಲೈವುಡ್‌ನ ಪದರಗಳು ಇಲ್ಲಿ ನಿಮಗೆ ಸಹಾಯ ಮಾಡುತ್ತವೆ. ಅಂಟಿನ ಕಪ್ಪು ಗೆರೆಗಳು ಅಂಚಿನಲ್ಲಿ ಸಮ ದೂರದಲ್ಲಿ, ನೇರವಾಗಿ ಕಾಣುತ್ತಿದ್ದರೆ ಓರೆ ಸಮ ಇದೆ. ಗೆರೆ ಎಲ್ಲಾದರೂ ಅಂಕುಡೊಂಕಾದರೆ ಅಲ್ಲಿ ಹೊಂಡ ಬಿದ್ದಿದೆ ಅಂತ ಅರ್ಥ. ಕೊನೆಗೆ ಪಟ್ಟಿ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ನುಸುಳದಿದ್ದರೆ ಮುಗಿಯಿತು.

ಇದಕ್ಕೂ ಮೊದಲು ಎರಡು ಪರೀಕ್ಷೆ ಮಾಡಬೇಕು, ಬಿಟ್ಟರೆ ಓರೆ ತೆಗೆದದ್ದೆಲ್ಲ ದಂಡ. ಒಂದು, ಮುಂದಿನ ಮೂತಿಯ ನಡುಗೆರೆಯಿಂದ ಟ್ರಾನ್ಸಮ್‌ನ ಎರಡು ಮೇಲ್ಮೂಲೆಗೂ ದಾರ ಹಿಡಿದು ಅಳೆಯಿರಿ. ದಾರದ ಬದಲು ಜಗ್ಗದ ತಂತಿ ಒಳ್ಳೆಯದು. ಎರಡೂ ಒಂದೇ ಇರಬೇಕು. ಇನ್ನೊಂದು, ಟ್ರಾನ್ಸಮ್‌ನ ತಳದ ಅಂಚನ್ನೂ ನಡುವಿನ ಚೌಕಟ್ಟಿನ ತಳವನ್ನೂ ಹಿಂದೆ ನಿಂತು ಒಂದೇ ಗೆರೆಗೆ ತಂದು ನೋಡಿ. ಒಂದು ಕಡೆ ಎತ್ತಿ ಇನ್ನೊಂದು ಕಡೆ ತಗ್ಗಿದ್ದರೆ ದೋಣಿ ತಿರುಚಿ ಹೋಗುತ್ತದೆ. ಅಂಥ ದೋಣಿ ಜೀವನಪೂರ್ತಿ ಒಂದು ಬದಿಗೆ ಎಳೆಯುತ್ತದೆ. ವಾಲಿಕೆಗೆ ಡಿಗ್ರಿ ಅಳೆಯುವ ಸಾಧನ ಬೇಕಾಗಿಲ್ಲ. 10 ಇಂಚು ಏರಿಕೆಗೆ 2 ಇಂಚು 1 ನೂಲು ಹಿಂದಕ್ಕೆ ಹೋಗುವ ಒಂದು ತ್ರಿಕೋನ ಹಲಗೆ ಕತ್ತರಿಸಿ ಇಟ್ಟುಕೊಳ್ಳಿ. 12 ಡಿಗ್ರಿ ಅಂದರೆ ಅಷ್ಟೇ.

ಈಗ ನೀವು ಕೇಳದೇ ಇದ್ದ ಒಂದು ವಿಷಯ. ನಿಮ್ಮ ಪತ್ರದಲ್ಲಿ ಟ್ರಾನ್ಸಮ್‌ಗೆ ಒಳಕಟ್ಟು ಹಾಕಿದ ಮಾತೇ ಇಲ್ಲ. ಬರೇ ಪ್ಲೈವುಡ್‌ನ ಅಂಚಿಗೆ ಸ್ಕ್ರೂ ಹೊಡೆದರೆ ಹಿಡಿತ ಇರುವುದಿಲ್ಲ. ಪದರಗಳ ನಡುವೆ ಸ್ಕ್ರೂ ನುಗ್ಗಿ ಅವನ್ನೇ ಬಿಡಿಸುತ್ತದೆ. ಒಳಮುಖದಲ್ಲಿ ಬದಿಗಳ ಉದ್ದಕ್ಕೆ, ತಳದ ಉದ್ದಕ್ಕೆ ಎರಡು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಮರ ಅಂಟಿಸಿ ಬಿಗಿಯಿರಿ. ಹಲಗೆಯ ಸ್ಕ್ರೂಗಳು ಈ ಮರಕ್ಕೆ ಹೋಗಬೇಕು. ಇದನ್ನು ಪ್ಲೈವುಡ್ ಅಂಚಿಗೆ ಸಮ ಇಡಬೇಡಿ, ಅರ್ಧ ಇಂಚು ಹೊರಕ್ಕೆ ಚಾಚಿ ಇಡಿ. ಸಮ ಇಟ್ಟರೆ ಮತ್ತೆ ಅದೇ ಸಂದು ಬರುತ್ತದೆ. ಚಾಚಿದ್ದನ್ನು ಟ್ರಾನ್ಸಮ್ ಅಂಚಿನ ಜೊತೆಗೇ ಒಂದೇ ಗೆರೆಯಲ್ಲಿ ಕೀಸಿ. ಬದಿಯೂ ತಳವೂ ಕೂಡುವ ಮೂಲೆಯ ಉದ್ದಪಟ್ಟಿಗಳ ತುದಿ ಈ ಒಳಕಟ್ಟಿನಲ್ಲಿ ಕಚ್ಚು ತೆಗೆದು ಕೂರಿಸಿ. ಪ್ಲೈವುಡ್ ಕೊರೆದು ಹೊರಗಡೆ ತರಬೇಡಿ. ಹೊರಬಂದ ಮರದ ತುದಿ ನೀರು ಕುಡಿಯುತ್ತಲೇ ಇರುತ್ತದೆ.

ಯಾವ ಮರ ಅಂತ ಕೇಳುವಿರಿ. ಹೆಬ್ಬಲಸು ಸಿಕ್ಕಿದರೆ ಬೇರೆ ನೋಡಲೇಬೇಡಿ. ನಮ್ಮ ಕರಾವಳಿಯ ದೋಣಿಗೆ ಅದು ಹೇಳಿ ಮಾಡಿಸಿದ ಮರ. ಮಲಯಾಳದಲ್ಲಿ ಆಂಜಿಲಿ ಅಂತ ಕೇಳಿದರೆ ಮಿಲ್ಲಿನವರು ತೋರಿಸುತ್ತಾರೆ. ಸಾಗುವಾನಿಯೂ ಒಳ್ಳೆಯದೇ, ಆದರೆ ಅದರ ಮೈಯಲ್ಲಿ ಎಣ್ಣೆ ಇದೆ. ಅಂಟು ಹಾಕುವ ಸ್ವಲ್ಪ ಮೊದಲು ಅಸಿಟೋನ್‌ನಲ್ಲಿ ಒರೆಸಿ ಒಣಗಿಸಬೇಕು. ರಬ್ಬರ್ ಮರ ಅಗ್ಗಕ್ಕೆ ಸಿಗುತ್ತದೆ ಅಂತ ತಂದು ಹಾಕಬೇಡಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರದಲ್ಲಿ ದೋಣಿ ಮಾಡಿ ತೋರಿಸಿದ್ದಾರೆ, ನಿಜ. ಅವರು ಮರದೊಳಕ್ಕೆ ರಾಸಾಯನಿಕ ಹಿಡಿಸಿ, ಮೇಲೆ ಫೈಬರ್ ಹೊದಿಸಿದ್ದು. ಹಸಿ ರಬ್ಬರ್ ಮರವನ್ನು ನಮ್ಮ ಹವೆಯಲ್ಲಿ ಹಾಗೇ ಬಿಟ್ಟರೆ ಬೂಷ್ಟು, ಕುಟ್ಟೆ ಎರಡೂ ಹಿಡಿಯುತ್ತದೆ.

ಎಂಜಿನ್ ವಿಷಯಕ್ಕೆ ಬರೋಣ. ನಮ್ಮ ಹಳೆಯ ದೋಣಿಗಳು ಎರಡೂ ತುದಿ ಚೂಪು. ಅವುಗಳಿಗೆ ಟ್ರಾನ್ಸಮ್ಮೇ ಇರಲಿಲ್ಲ. ಹೊರಗಡೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಬಂದಮೇಲೆ ಅದನ್ನು ನೇತುಹಾಕಲು ಜಾಗ ಬೇಕಾಯಿತು. ಹಾಗಾಗಿ ಈ ಹಲಗೆ ಬರೇ ಬಾಗಿಲಲ್ಲ, ಎಂಜಿನ್ನಿನ ಗೂಟ. 9.9 ಎಚ್‌ಪಿಯ ಎಂಜಿನ್ನೇ 40 ಕೆ.ಜಿ. ಹತ್ತಿರ ತೂಗುತ್ತದೆ. ಅದು ಹಿಂದಕ್ಕೆ ಜೋತು ನಿಂತಿರುತ್ತದೆ. ಓಡುವಾಗ ಕೆಳಗಡೆ ಫ್ಯಾನು ಮುಂದಕ್ಕೆ ನೂಕುತ್ತದೆ, ಮೇಲ್ಗಡೆ ಹಿಡಿಕೆ ಟ್ರಾನ್ಸಮ್‌ನ ಮೇಲಂಚನ್ನು ಹಿಂದಕ್ಕೆ ಕೀಳಲು ನೋಡುತ್ತದೆ. ಅಳಿವೆಯಲ್ಲಿ ಮರಳಿನ ದಿಬ್ಬಕ್ಕೆ ಎಂಜಿನ್ನಿನ ಕಾಲು ಬಡಿದರೆ ಎಳೆತ ಒಮ್ಮೆಲೇ ತಿರುಗಿ ಬೀಳುತ್ತದೆ.

ಇದನ್ನು ತಡೆಯುವುದು ನಡುವಿನ ಮೊಣಕಟ್ಟು, ಅಂದರೆ ಟ್ರಾನ್ಸಮ್ ಒಳಮುಖದಿಂದ ತಳದ ನಡುಮರಕ್ಕೆ ಬರುವ ಮೂಲೆಮರ. ಮೇಲಿನ ಎರಡು ಮೂಲೆಗಳಿಗೂ ಒಂದೊಂದು ಬೇಕು. ನಡುವಿನದರ ಅಡಿತೋಳು ಒಂದು ಅಡಿಗಿಂತ ಕಡಿಮೆ ಬೇಡ. ನೇರ ಹಲಗೆಯಿಂದ ಕತ್ತರಿಸಿದರೆ ಮರದ ಎಳೆ ಒಂದು ತೋಳಿನಲ್ಲಿ ಅಡ್ಡ ಹೋಗಿ ಅಲ್ಲೇ ಮುರಿಯುತ್ತದೆ. ಹೊನ್ನೆಯ ಸಹಜವಾಗಿ ಬಾಗಿದ ಕೊಂಬೆ ಹುಡುಕಿ. ಎಳೆ ಬಾಗಿನ ಜೊತೆಗೇ ತಿರುಗಿರುತ್ತದೆ. ಸಿಗದಿದ್ದರೆ ಪ್ಲೈವುಡ್ ತುಂಡುಗಳನ್ನು ಅಂಟಿಸಿ ಒಂದೂವರೆ ಇಂಚು ದಪ್ಪ ಮಾಡಿ ಕತ್ತರಿಸಿ. ಇಲ್ಲಿ ಸ್ಕ್ರೂ ಅಲ್ಲ, ಆಚೆಯಿಂದ ಈಚೆಗೆ ಹೋಗುವ ಬೋಲ್ಟೇ ಬೇಕು. ಕಬ್ಬಿಣದ್ದು ಬೇಡ, ಗ್ಯಾಲ್ವನೈಸ್ ಮಾಡಿದ್ದೂ ಉಪ್ಪುನೀರಿನಲ್ಲಿ ಜಾಸ್ತಿ ಕಾಲ ಬಾರದು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಂತಲೇ ಕೇಳಿ ತನ್ನಿ, ಇಲ್ಲದಿದ್ದರೆ ಅದಕ್ಕಿಂತ ಕೆಳದರ್ಜೆಯ 304 ಕೊಟ್ಟು ಕಳಿಸುತ್ತಾರೆ.

ಮೇಲಂಚಿನ ಎತ್ತರ ಎಷ್ಟು ಅನ್ನುವುದು ನಿಮ್ಮ ಎಂಜಿನ್ನಿನ ಕಾಲಿನ (ಶಾಫ್ಟ್‌ನ) ಉದ್ದಕ್ಕೆ ತಕ್ಕ ಹಾಗೆ. ಶಾರ್ಟ್ ಶಾಫ್ಟ್‌ಗೆ 15 ಇಂಚು, ಲಾಂಗ್ ಶಾಫ್ಟ್‌ಗೆ 20 ಇಂಚು ಅನ್ನುವುದು ರೂಢಿ. ತಳದಿಂದ ನೇರ ಮೇಲಕ್ಕೆ ಅಳೆಯಬೇಕು. ಟ್ರಾನ್ಸಮ್ ವಾಲಿರುವುದರಿಂದ ಹಲಗೆಯ ಮೇಲೆ ಅದೇ 15 ಇಂಚು ಸುಮಾರು 15 ಇಂಚು ಮೂರು ನೂಲು ಆಗುತ್ತದೆ. ಎಂಜಿನ್ ಕೈಗೆ ಬಂದಿದ್ದರೆ ಇನ್ನೂ ಒಳ್ಳೆಯದು. ಹಿಡಿಕೆಯ ಕೊಕ್ಕೆಯ ಒಳಭಾಗದಿಂದ ಫ್ಯಾನಿನ ಮೇಲಿರುವ ಚಪ್ಪಟೆ ತಟ್ಟೆಯವರೆಗೆ ಅಳೆಯಿರಿ. ದೋಣಿ ಮೇಲೆ ಕೂರಿಸಿದಾಗ ಆ ತಟ್ಟೆ ತಳದ ಮಟ್ಟಕ್ಕೆ, ಅಥವಾ ಒಂದು ಇಂಚಿನೊಳಗೆ ಕೆಳಗೆ ಬರಬೇಕು. ಮೇಲಾದರೆ ಫ್ಯಾನು ಗಾಳಿ ಎಳೆದುಕೊಂಡು ಸುಮ್ನೆ ತಿರುಗುತ್ತದೆ. ಕೆಳಗಾದರೆ ಎಣ್ಣೆ ದಂಡ, ಮರಳಿಗೂ ಬೇಗ ತಾಗುತ್ತದೆ. ಟ್ರಾನ್ಸಮ್‌ನ ಎತ್ತರ ಕಡಿಮೆಯಾದರೆ ಮೇಲೆ ಒಂದು ಗಟ್ಟಿಮರದ ತುಂಡು ಕೂರಿಸಬಹುದು. ಜಾಸ್ತಿಯಾದರೆ ಕೀಸಬಹುದು. ಹಾಗಾಗಿ ಮೇಲಂಚನ್ನು ಕೊನೆಗೆ ಮುಗಿಸಿ. 12 ಡಿಗ್ರಿ ಒಂದೆರಡು ಡಿಗ್ರಿ ಆಚೀಚೆ ಆದರೂ ಚಿಂತೆಯಿಲ್ಲ, ಹಿಡಿಕೆಯ ಪಿನ್ನು ಮುಂದೆ ಹಿಂದೆ ಮಾಡಿ ಸರಿಪಡಿಸಲು ತೂತುಗಳಿರುತ್ತವೆ.

ಅಂಟಿನ ಕೆಲಸ ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ. ಜೂನ್ 9ರ ನಡುರಾತ್ರಿ ಕೇರಳದಲ್ಲಿ ಎಳೆಬಲೆ ಬೋಟುಗಳಿಗೆ ಟ್ರಾಲಿಂಗ್ ನಿಷೇಧ ಶುರುವಾದರೆ ಕಡಲಕರೆಯಲ್ಲಿ ಎಲ್ಲರಿಗೂ ಪುರುಸೊತ್ತು, ಕೈಕೆಲಸಕ್ಕೆ ಜನ ಸಿಗುತ್ತಾರೆ. ಆದರೆ ಅದೇ ಹೊತ್ತಿಗೆ ಮರ ಹಸಿಯಾಗಿ ಉಬ್ಬಿರುತ್ತದೆ. ಇಪಾಕ್ಸಿ ಮೇಲೆ ಜಿಡ್ಡಿನಂಥ ಪೊರೆ ಕಟ್ಟುತ್ತದೆ, ಅದರ ಮೇಲೆ ಮುಂದಿನ ಪದರ ಹಿಡಿಯುವುದಿಲ್ಲ. ಹಾಕಲೇಬೇಕಾಗಿ ಬಂದರೆ ಪ್ರತಿ ಪದರ ಗಟ್ಟಿಯಾದಮೇಲೆ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಮರಳುಕಾಗದ ಹಾಕಿ ಮುಂದುವರಿಯಿರಿ. ಕ್ಲಾಂಪನ್ನು ಪೂರಾ ಬಿಗಿಯಬೇಡಿ. ಇಪಾಕ್ಸಿ ಹಿಂಡಿಹೋಗಿ ಕೂಡಿಕೆ ಒಣಗಿಹೋಗುತ್ತದೆ. ಅಂಚಿನಲ್ಲಿ ತೆಳ್ಳಗೆ ಮಣಿಕಟ್ಟಿದ ಹಾಗೆ ಬಂದರೆ ಸಾಕು. ಮೇಜು ಕುರ್ಚಿಗೆ ಹಾಕುವ ಬಿಳಿ ಅಂಟು ಇಲ್ಲಿ ನಡೆಯುವುದಿಲ್ಲ. ಪ್ಲೈವುಡ್ ಮೇಲೆ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಅಂತ ಮುದ್ರೆ ಇದೆಯಾ ಅಂತಲೂ ಒಮ್ಮೆ ನೋಡಿ, ಅಂಗಡಿಯವರ ಬಾಯಿಮಾತಿನ ‘ಮರೈನ್’ ಸಾಲದು.

ಟ್ರಾನ್ಸಮ್ ಹಾಳಾಗುವುದು ಉಪ್ಪುನೀರಿನಿಂದ ಅಂತ ಜನ ಹೇಳುತ್ತಾರೆ. ನಾನು ಬಿಚ್ಚಿ ನೋಡಿದ್ದರಲ್ಲಿ ಹೆಚ್ಚಿನವು ಮಳೆನೀರಿನಿಂದಲೇ ಹೋದವು. ಮರ ಕೊಳೆಸುವ ಬೂಷ್ಟಿಗೆ ಸಿಹಿನೀರೇ ಇಷ್ಟ. ನೀರು ಇಳಿಯುವುದು ಮೇಲಂಚಿನಿಂದ, ಎಂಜಿನ್ ಬೋಲ್ಟಿನ ತೂತಿನಿಂದ, ತಳದ ಬಿರಡೆ ತೂತಿನಿಂದ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ, ಒಳಗೆ ಪ್ಲೈವುಡ್ ಹಿಟ್ಟಾಗಿರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಮಂಕು ಸದ್ದು ಬರುತ್ತದೆ. ತೂತು ಕೊರೆಯುವಾಗ ಬೇಕಾದ್ದಕ್ಕಿಂತ ದೊಡ್ಡದು ಕೊರೆದು, ಪೂರ್ತಿ ದಪ್ಪ ಇಪಾಕ್ಸಿ ತುಂಬಿ, ಗಟ್ಟಿಯಾದಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟಿನ ಸುತ್ತ ಮರವೇ ಕಾಣುವುದಿಲ್ಲ, ನೀರಿಗೆ ದಾರಿಯೂ ಇಲ್ಲ. ಮೇಲಂಚಿಗೆ ಮೂರು ಸಲ ಇಪಾಕ್ಸಿ ಹಿಡಿಸಿ, ಮೇಲೆ ಗಟ್ಟಿಮರದ ಒಂದು ಟೋಪಿಪಟ್ಟಿ ಹಾಕಿ.

ಗೇರೆಣ್ಣೆ ನಿಮ್ಮ ದೋಣಿಗೆ ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಇವೆಲ್ಲ ಬಣ್ಣ ಕಾಣದ ಬರಿಮರದ ದೋಣಿಗೆ, ವರ್ಷ ವರ್ಷ ಮತ್ತೆ ಮತ್ತೆ ಬಳಿಯುವವರಿಗೆ. ಹುಳ ಹತ್ತದಂತೆ ಅವು ಕೆಲಸ ಮಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಒಮ್ಮೆ ಎಣ್ಣೆ ಕುಡಿದ ಮರಕ್ಕೆ ಇಪಾಕ್ಸಿಯೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ನಾಳೆ ಒಂದು ತುಂಡು ಬದಲಿಸಬೇಕಾದರೆ ಅಂಟಿಸಲು ಜಾಗವೇ ಸಿಗದು. ಮೈಗೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ ಅನ್ನುವುದು ಗೇರು ಸುಲಿದವರಿಗೆಲ್ಲ ಗೊತ್ತು. ಟ್ರಾನ್ಸಮ್ ಹೊರಮುಖಕ್ಕೂ ತಳಕ್ಕೂ ತೆಳ್ಳಗೆ ಗಾಜಿನಬಟ್ಟೆ (ಫೈಬರ್‌ಗ್ಲಾಸ್) ಇಪಾಕ್ಸಿಯಲ್ಲಿ ಹೊದಿಸಿ, ಮೂಲೆಗಳಲ್ಲಿ ಎರಡು ಪದರ ಮಾಡಿ. ಬಟ್ಟೆ ಚೂಪು ಮೂಲೆಯಲ್ಲಿ ಮಡಚುವುದಿಲ್ಲ, ಗಾಳಿ ಉಳಿಯುತ್ತದೆ. ಅದಕ್ಕೆ ಮೂಲೆಯನ್ನು ಮೊದಲು ಎರಡು ನೂಲಿನಷ್ಟು ಉರುಟು ಮಾಡಿಕೊಳ್ಳಿ. ಆದರೆ ನೀರು ಬಿಟ್ಟುಹೋಗುವ ತಳದ ಹಿಂದಿನ ಅಂಚನ್ನು ಬಟ್ಟೆ ಒಣಗಿದಮೇಲೆ ಪುಟ್ಟಿ ಇಟ್ಟು ಮತ್ತೆ ಚೂಪು ಮಾಡಿ. ಅಲ್ಲಿ ಉರುಟು ಉಳಿದರೆ ನೀರು ಟ್ರಾನ್ಸಮ್‌ಗೆ ಅಂಟಿಕೊಂಡು ಮೇಲೇರುತ್ತದೆ, ದೋಣಿ ಹಿಂದೆ ಕುಕ್ಕುತ್ತದೆ. ಪುಟ್ಟಿ ನಿಜಕ್ಕೂ ಬೇಕಾಗುವುದು ಅಲ್ಲಿ.